ಒಂದು ಮೂತ್ರಪಿಂಡದ ಬೆಲೆ: ಒಂದು ಲೆಕ್ಕದ ಪರಿಶೀಲನೆ

ಜೀವಂತ ಮನುಷ್ಯನ ಒಂದು ಮೂತ್ರಪಿಂಡಕ್ಕೆ ಬೆಲೆ ಸುಮಾರು 15,200 ಡಾಲರ್. ಈ ಅಂಕಿಯನ್ನು ಕೊಟ್ಟವನು ಯಾವುದೋ ದಲ್ಲಾಳಿ ಎಂದುಕೊಳ್ಳಬೇಡಿ. 1992ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಗ್ಯಾರಿ ಬೆಕರ್ ಮತ್ತು ಅವರ ಸಹೋದ್ಯೋಗಿ ಜೂಲಿಯೊ ಎಲಿಯಾಸ್ 2007ರಲ್ಲಿ 'ಜರ್ನಲ್ ಆಫ್ ಇಕನಾಮಿಕ್ ಪರ್ಸ್ಪೆಕ್ಟಿವ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಲೆಕ್ಕವಿದೆ. ಇಷ್ಟು ಹಣ ಕೊಟ್ಟು ಕೊಳ್ಳಲು ಕಾನೂನು ಅನುಮತಿ ಕೊಟ್ಟರೆ ಮೂತ್ರಪಿಂಡಕ್ಕಾಗಿ ಸರದಿಯಲ್ಲಿ ಕಾಯುವವರೇ ಇರುವುದಿಲ್ಲ ಎಂಬುದು ಅವರ ವಾದ. ಬೆಕರ್ 2014ರಲ್ಲಿ ತೀರಿಕೊಂಡರು. ಅವರ ವಾದ ಮಾತ್ರ ಇನ್ನೂ ಚಲಾವಣೆಯಲ್ಲಿದೆ. ಅಪರಿಚಿತರಿಗೆ ಮೂತ್ರಪಿಂಡ ಕೊಡುವವರಿಗೆ ಐದು ವರ್ಷಗಳಲ್ಲಿ ಒಟ್ಟು 50,000 ಡಾಲರ್ ತೆರಿಗೆ ರಿಯಾಯಿತಿ ನೀಡಬೇಕೆಂಬ ಮಸೂದೆ 2024ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ನಮ್ಮಲ್ಲಿಯೂ 'ಎಲ್ಲವೂ ಮಾರುಕಟ್ಟೆಗೆ ಬಂದಿರುವಾಗ ಇದೊಂದಕ್ಕೆ ಏಕೆ ಅಡ್ಡಿ?' ಎಂದು ಕೇಳುವ ವಿದ್ಯಾವಂತರು ಕಡಿಮೆಯೇನಿಲ್ಲ.

ಭೌತವಿಜ್ಞಾನದ ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅಂಗಾಂಗ ಮಾರಾಟದ ಬಗ್ಗೆ ಧರ್ಮಶಾಸ್ತ್ರದವರು, ವಕೀಲರು, ವೈದ್ಯರು ಸಾಕಷ್ಟು ಬರೆದಿದ್ದಾರೆ. ಆದರೆ ಬೆಕರ್ ಮಂಡಿಸಿದ್ದು ನೀತಿಬೋಧೆಯನ್ನಲ್ಲ. ಒಂದು ಮಾದರಿ, ಒಂದು ಸಮೀಕರಣ, ಕೊನೆಗೆ ಒಂದು ಸಂಖ್ಯೆ. ಇಂಥ ವಸ್ತುವನ್ನು ಪರೀಕ್ಷಿಸುವುದು ಹೇಗೆಂದು ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಯಾವ ಊಹೆಗಳ ಮೇಲೆ ಮಾದರಿ ನಿಂತಿದೆ, ಯಾವ ಪದವನ್ನು ಕೈಬಿಡಲಾಗಿದೆ, ಉತ್ತರ ನಿಜವಾಗಿ ಯಾವುದನ್ನು ಅಳೆಯುತ್ತಿದೆ? ಈ ಮೂರು ಪ್ರಶ್ನೆಗಳನ್ನು ಕೇಳೋಣ.

ಮೊದಲು ಹಿನ್ನೆಲೆ. 1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಒಬ್ಬ ವ್ಯಕ್ತಿಯ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ಸೋದರನಿಗೆ ಕಸಿ ಮಾಡಿದರು. ತದ್ರೂಪಿ ಅವಳಿಯಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ಮುಂದೆ ಬಹುಕಾಲ, ರಕ್ತಸಂಬಂಧಿಗಳಲ್ಲದವರ ಅಂಗ ಚೆನ್ನಾಗಿ ಒಗ್ಗುತ್ತಿರಲಿಲ್ಲ. ದೇಹದ ರೋಧಕ ಪ್ರತಿಕ್ರಿಯೆಯನ್ನು ಹತ್ತಿಕ್ಕುವ ಸೈಕ್ಲೋಸ್ಪೋರಿನ್ ಔಷಧಿಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಚಿತ್ರ ಬದಲಾಯಿತು. ಈಗ ಯಾರ ಮೂತ್ರಪಿಂಡವಾದರೂ, ರಕ್ತದ ಗುಂಪು ಮುಂತಾದವು ಹೊಂದಿದರೆ, ಯಾರಿಗಾದರೂ ಆದೀತು. ಅಂದರೆ ಅದು ಕೈಯಿಂದ ಕೈಗೆ ಹೋಗಬಲ್ಲ ಸರಕಾಯಿತು. ಮಾರುಕಟ್ಟೆ ಹುಟ್ಟಿದ್ದು ಆಸೆಬುರುಕರಿಂದ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅದಕ್ಕೆ ಬಾಗಿಲು ತೆರೆದದ್ದು ಒಂದು ಶಿಲೀಂಧ್ರದಿಂದ ದೊರೆತ ಔಷಧಿ. ಅದೇ 1983ರಲ್ಲಿ ವರ್ಜೀನಿಯಾದ ಒಬ್ಬ ವೈದ್ಯ, ಬಡ ದೇಶಗಳ ಜನರಿಂದ ಮೂತ್ರಪಿಂಡ ಕೊಂಡು ಅಮೆರಿಕದ ರೋಗಿಗಳಿಗೆ ಮಾರುವ ಕಂಪನಿಯ ಯೋಜನೆ ಮುಂದಿಟ್ಟ. ಅದರಿಂದ ಎಚ್ಚೆತ್ತ ಅಲ್ಲಿಯ ಸಂಸತ್ತು 1984ರಲ್ಲಿ ಮಾರಾಟವನ್ನೇ ನಿಷೇಧಿಸಿತು. ಭಾರತದಲ್ಲಿ ನಿಷೇಧ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷಗಳಲ್ಲಿ ಮುಂಬೈ, ಚೆನ್ನೈ, ನಮ್ಮ ಬೆಂಗಳೂರು ಈ ವ್ಯಾಪಾರಕ್ಕೆ ಕುಖ್ಯಾತವಾದವು. ಚೆನ್ನೈನ ವಿಲ್ಲಿವಾಕ್ಕಂ ಬಡಾವಣೆಗೆ 'ಕಿಡ್ನಿವಾಕ್ಕಂ' ಎಂಬ ಅಡ್ಡಹೆಸರೇ ಬಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ಬೆಕರ್ ಮತ್ತು ಎಲಿಯಾಸ್ ಮೂರು ಮೊತ್ತಗಳನ್ನು ಕೂಡಿಸುತ್ತಾರೆ. ಶಸ್ತ್ರಕ್ರಿಯೆಯಲ್ಲಿ ಸಾಯುವ ಸಂಭವಕ್ಕೆ ಪರಿಹಾರ 5,000 ಡಾಲರ್. ಚೇತರಿಸಿಕೊಳ್ಳುವ ನಾಲ್ಕು ವಾರಗಳ ಸಂಬಳ, ವರ್ಷಕ್ಕೆ 35,000 ಡಾಲರ್ ಗಳಿಸುವವನಿಗೆ, ಸುಮಾರು 2,700 ಡಾಲರ್. ಮುಂದಿನ ಬದುಕಿನ ಗುಣಮಟ್ಟದಲ್ಲಿ ಆಗುವ ಕುಂದಿಗೆ 7,500 ಡಾಲರ್. ಒಟ್ಟು 15,200.

ಮೂರನೆಯ ಅಂಕಿ ಅಳೆದು ಪಡೆದದ್ದಲ್ಲ, ಅಂದಾಜು. ಆದರೂ ಮೊತ್ತದ ಅರ್ಧದಷ್ಟು ಅದೇ. ನಮ್ಮ ಪ್ರಯೋಗಾಲಯದಲ್ಲಿ ಮೀಟರ್ ಪಟ್ಟಿಯಿಂದ ಅಳೆದು ದಶಮಾಂಶದ ನಂತರ ನಾಲ್ಕು ಸ್ಥಾನ ಬರೆಯುವ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕಕ್ಕೆ ಕೆಂಪು ಶಾಯಿ ಬೀಳುತ್ತದೆ. ಇಲ್ಲಿಯೂ 'ಸುಮಾರು ಹತ್ತು–ಇಪ್ಪತ್ತು ಸಾವಿರ' ಎಂದಿದ್ದರೆ ಸಾಕಿತ್ತು. ಇರಲಿ, ಇದು ಸಣ್ಣ ತಕರಾರು.

ದೊಡ್ಡ ತಕರಾರು ಮೊದಲ ಅಂಕಿಯಲ್ಲಿದೆ. 5,000 ಡಾಲರ್ ಎಲ್ಲಿಂದ ಬಂತು? ಸಾಯುವ ಸಂಭವ ಸಾವಿರಕ್ಕೆ ಒಂದು ಎಂದಿಟ್ಟುಕೊಂಡು, ಅದನ್ನು ಒಂದು ಜೀವದ 'ಸಂಖ್ಯಾಶಾಸ್ತ್ರೀಯ ಮೌಲ್ಯ'ವಾದ 50 ಲಕ್ಷ ಡಾಲರಿನಿಂದ ಗುಣಿಸಲಾಗಿದೆ. ಈ 50 ಲಕ್ಷವನ್ನು ಕಂಡುಕೊಳ್ಳುವ ಬಗೆ ಹೀಗೆ: ಸಾವಿನ ಅಪಾಯ ಸಾವಿರಕ್ಕೆ ಒಂದರಷ್ಟು ಹೆಚ್ಚಿರುವ ಕೆಲಸಕ್ಕೆ ಜನ ವರ್ಷಕ್ಕೆ 5,000 ಡಾಲರ್ ಹೆಚ್ಚುವರಿ ಸಂಬಳ ಕೇಳುತ್ತಾರೆ ಎನ್ನೋಣ. ಸಾವಿರ ಜನಕ್ಕೆ ಒಟ್ಟು 50 ಲಕ್ಷ ಕೊಟ್ಟಂತಾಯಿತು. ಅವರಲ್ಲಿ ಒಬ್ಬ ಸಾಯುತ್ತಾನೆ. ಆದ್ದರಿಂದ ಒಂದು ಜೀವದ ಮೌಲ್ಯ 50 ಲಕ್ಷ.

ಈಗ ನೀವೇ ಈ ಸಮೀಕರಣಕ್ಕೆ ಬೇರೆ ಅಂಕಿಗಳನ್ನು ತುಂಬಿ ನೋಡಿ. ಕಲ್ಲುಗಣಿಯಲ್ಲಿ ದುಡಿಯುವ ಒಬ್ಬ ಕೂಲಿಯನ್ನು ಕಲ್ಪಿಸಿಕೊಳ್ಳಿ. ದಿನಗೂಲಿ 400 ರೂಪಾಯಿ. ಸಾವಿರಕ್ಕೆ ಒಂದರಷ್ಟು ಹೆಚ್ಚು ಅಪಾಯದ ಕೆಲಸಕ್ಕೆ ಅವನಿಗೆ ಸಿಗುವುದು ದಿನಕ್ಕೆ 50 ರೂಪಾಯಿ ಹೆಚ್ಚು. ವರ್ಷಕ್ಕೆ 300 ದಿನವಾದರೆ 15,000 ರೂಪಾಯಿ. ಬೆಕರ್ ಸೂತ್ರದಂತೆ ಅವನ ಸಾವಿನ ಅಪಾಯದ ಬೆಲೆ ಅದೇ 15,000 ರೂಪಾಯಿ. ನಾಲ್ಕು ವಾರದ ಕೂಲಿ 11,200 ರೂಪಾಯಿ. ಬದುಕಿನ ಗುಣಮಟ್ಟದ ಬಾಬ್ತು ಅಮೆರಿಕದ ಲೆಕ್ಕದಲ್ಲಿ ಉಳಿದೆರಡರ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಇಲ್ಲಿಯೂ ಹಾಗೆಯೇ ಇಟ್ಟರೆ ಇನ್ನೊಂದು 26,000. ಎಲ್ಲ ಸೇರಿ ಅರ್ಧ ಲಕ್ಷ ರೂಪಾಯಿ ಆಸುಪಾಸು. ಅತ್ತ 15,200 ಡಾಲರ್ ಎಂದರೆ 12 ಲಕ್ಷ ರೂಪಾಯಿಗೂ ಮೇಲೆ. ನನ್ನ ಅಂಕಿಗಳು ಕಲ್ಪಿತ. ಅವನ್ನು ಎರಡು ಪಟ್ಟು ಮಾಡಿದರೂ ಅಂತರ ಹತ್ತು ಪಟ್ಟಿಗಿಂತ ಹೆಚ್ಚೇ ಉಳಿಯುತ್ತದೆ.

ಎರಡೂ ಮೂತ್ರಪಿಂಡಗಳಲ್ಲಿ ಹತ್ತು ಲಕ್ಷದ ಆಸುಪಾಸಿನಲ್ಲಿ ನೆಫ್ರಾನುಗಳಿವೆ. ಎರಡೂ ರಕ್ತವನ್ನು ಒಂದೇ ರೀತಿ ಶೋಧಿಸುತ್ತವೆ. ಹಾಗಿದ್ದರೆ ಈ ಸೂತ್ರ ಅಳೆಯುತ್ತಿರುವುದು ಏನನ್ನು? ವಸ್ತುವಿನ ಉಷ್ಣತೆಯನ್ನು ತಿಳಿಯಲು ಹೋಗಿ ಕೋಣೆಯ ಉಷ್ಣತೆಯನ್ನೇ ಓದಿಕೊಂಡು ಬರುವ ಮಾಪಕದಂತೆ, ಇದು ಮೂತ್ರಪಿಂಡದ ಹೆಸರಿನಲ್ಲಿ ಮಾರುವವನ ಬಡತನವನ್ನು ಓದುತ್ತದೆ. ಮಾರುಕಟ್ಟೆಯಲ್ಲಿ ಮೊದಲು ಮಾರಲು ಬರುವವನು ಅತಿ ಕಡಿಮೆ ಬೆಲೆಗೆ ಒಪ್ಪುವವನೇ. ಅವನು ಯಾರೆಂದು ಸೂತ್ರವೇ ಹೇಳುತ್ತದೆ.

ಇನ್ನು ಕೈಬಿಟ್ಟ ಪದಗಳು. ಸಾವಿರಕ್ಕೆ ಒಂದು ಎಂಬ ಸಾವಿನ ಸಂಭವ ವಾಸ್ತವಕ್ಕಿಂತ ಹೆಚ್ಚಿನದು. ಅಮೆರಿಕದಲ್ಲಿ 80,347 ದಾನಿಗಳ ದಾಖಲೆ ಪರಿಶೀಲಿಸಿದ 2010ರ ಅಧ್ಯಯನದಂತೆ 90 ದಿನಗಳೊಳಗೆ ಸತ್ತವರು 25, ಅಂದರೆ ಹತ್ತು ಸಾವಿರಕ್ಕೆ ಮೂವರು. 2013ರಿಂದ 2022ರವರೆಗಿನ ದಾನಿಗಳಲ್ಲಿ ಇದು ಹತ್ತು ಸಾವಿರಕ್ಕೆ ಒಂದಕ್ಕಿಂತ ತುಸು ಕಡಿಮೆ. ಸಂತೋಷದ ಸಂಗತಿ. ಆದರೆ ದೀರ್ಘಕಾಲದ ಅಪಾಯದ ಮಾತು ಬೇರೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾನಿಗಳನ್ನು ಅಷ್ಟೇ ಆರೋಗ್ಯವಂತರಾದ, ದಾನ ಮಾಡದವರ ಜೊತೆ ಹೋಲಿಸಿತು. ಜೀವಮಾನದಲ್ಲಿ ಮೂತ್ರಪಿಂಡ ಪೂರ್ತಿ ವಿಫಲವಾಗುವ ಸಂಭವ ದಾನ ಮಾಡದವರಲ್ಲಿ ಹತ್ತು ಸಾವಿರಕ್ಕೆ 14, ದಾನಿಗಳಲ್ಲಿ 90. ವ್ಯತ್ಯಾಸ ಹತ್ತು ಸಾವಿರಕ್ಕೆ 76. ಸಾಮಾನ್ಯ ಜನರಲ್ಲಿ ಇದು 326 ಎಂಬುದನ್ನೂ ಸೇರಿಸಿ ಹೇಳಬೇಕು. ದಾನಿಗಳನ್ನು ಆರಿಸುವಾಗ ಆರೋಗ್ಯವಂತರನ್ನೇ ಆರಿಸುತ್ತಾರೆ. ಹಾಗಾಗಿ ಅಣ್ಣನಿಗೋ ಮಗಳಿಗೋ ಮೂತ್ರಪಿಂಡ ಕೊಡಲು ಹೊರಟವರು ಇದನ್ನು ಓದಿ ಹೆದರಬೇಕಾಗಿಲ್ಲ. ನಾನು ಹೇಳುವುದಿಷ್ಟೆ: ಲೆಕ್ಕದಲ್ಲಿ ಮುಖ್ಯ ಪದ ಯಾವುದೋ ಅದು ಶಸ್ತ್ರಕ್ರಿಯೆಯ ಕೋಣೆಯಲ್ಲಿಲ್ಲ, ಮುಂದಿನ ಇಪ್ಪತ್ತು–ಮೂವತ್ತು ವರ್ಷಗಳಲ್ಲಿದೆ. ಆ ವರ್ಷಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಯಾರಿಗೆ ಸಿಗುತ್ತದೆ, ಯಾರಿಗಿಲ್ಲ?

ಇದಕ್ಕೆ ಪ್ರಯೋಗದ ಸಾಕ್ಷ್ಯ ನಮ್ಮ ನೆರೆಯಲ್ಲೇ ಇದೆ. ಮೂತ್ರಪಿಂಡ ಮಾರಿದ 305 ಜನರನ್ನು 2001ರಲ್ಲಿ ಚೆನ್ನೈನಲ್ಲಿ ಸಂದರ್ಶಿಸಿ ಮಾಡಿದ ಅಧ್ಯಯನ 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರಿ ಸರಾಸರಿ ಆರು ವರ್ಷ ಕಳೆದಿತ್ತು. ಅವರಲ್ಲಿ ನೂರಕ್ಕೆ 71 ಜನ ಹೆಂಗಸರು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಒಪ್ಪಿಕೊಂಡ ಬೆಲೆ ಸರಾಸರಿ 1,410 ಡಾಲರ್, ಕೈಗೆ ಬಂದದ್ದು 1,070. ಆಮೇಲೆ ಏನಾಯಿತು? ಕುಟುಂಬದ ಆದಾಯ ಮೂರರಲ್ಲೊಂದು ಪಾಲು ಕುಸಿಯಿತು. ಬಡತನದ ರೇಖೆಯ ಕೆಳಗಿದ್ದವರು ನೂರಕ್ಕೆ 54 ಇದ್ದದ್ದು 71ಕ್ಕೆ ಏರಿದರು. ಸಾಲಕ್ಕಾಗಿ ಮಾರಿದವರಲ್ಲಿ ನಾಲ್ಕರಲ್ಲಿ ಮೂವರು ಇನ್ನೂ ಸಾಲದಲ್ಲೇ ಇದ್ದರು. ಆರೋಗ್ಯ ಕೆಟ್ಟಿದೆ ಎಂದವರು ನೂರಕ್ಕೆ 86. ಬೇರೆಯವರಿಗೆ ಮಾರಲು ಹೇಳುತ್ತೀರಾ ಎಂದರೆ 79 ಜನ ಬೇಡ ಎಂದರು. ಈ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಅದು ಕೊರತೆಯೇ. ಆದರೆ ಅದೇ ಅವಧಿಯಲ್ಲಿ ತಮಿಳುನಾಡಿನ ತಲಾ ಆದಾಯ ಏರುತ್ತಿತ್ತು ಎಂಬುದನ್ನು ಮರೆಯಬಾರದು.

ಸಾಲ ತೀರಿಸಲು ಮಾರಿದವರು ಮತ್ತೆ ಸಾಲಗಾರರಾದದ್ದು ಹೇಗೆ? 'ಕುಡಿದು ಕಳೆದಿರಬೇಕು' ಎನ್ನುವವರು ಇದ್ದಾರೆ. ಕುಡಿತದ ಸಹಾಯವಿಲ್ಲದೆಯೇ ಇದನ್ನು ವಿವರಿಸಬಹುದು. ಸಾಲ ಎಂಬುದು ತೊಟ್ಟಿಯಲ್ಲಿ ನಿಂತ ನೀರು. ತಿಂಗಳ ಕೊರತೆ ಎಂಬುದು ನಲ್ಲಿ. ಒಂದು ಮನೆಯ ಆದಾಯ ತಿಂಗಳಿಗೆ 6,000, ಖರ್ಚು 6,500, ಮೇಲೆ 50,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ 1,500 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಕೊರತೆ 2,000. ಮೂತ್ರಪಿಂಡ ಮಾರಿ 50,000 ತಂದು ಸಾಲ ಪೂರ್ತಿ ತೀರಿಸಿದರು. ತೊಟ್ಟಿ ಖಾಲಿ. ಆದರೆ ಭಾರ ಎತ್ತಲಾಗದೆ ಆದಾಯ 4,000ಕ್ಕೆ ಇಳಿಯಿತು. ಬಡ್ಡಿಯೇ ಇಲ್ಲದಿದ್ದರೂ ಈಗ ತಿಂಗಳ ಕೊರತೆ 2,500, ಮೊದಲಿಗಿಂತ ಹೆಚ್ಚು. ಇಪ್ಪತ್ತು ತಿಂಗಳಿಗೆ 50,000 ಸಾಲ ಮತ್ತೆ ಸಿದ್ಧ. ಎರಡನೆಯ ಸಲ ಮಾರಲು ಮಾತ್ರ ಏನೂ ಉಳಿದಿಲ್ಲ. ಬೆಕರ್ ಲೆಕ್ಕದಲ್ಲಿ ಆದಾಯದ ನಷ್ಟಕ್ಕೆ ಇದ್ದದ್ದು ನಾಲ್ಕು ವಾರ.

'ಅದು ಕಳ್ಳ ಮಾರುಕಟ್ಟೆಯ ಫಲ. ಕಾನೂನುಬದ್ಧ ಮಾರುಕಟ್ಟೆ ಹಾಗಿರುವುದಿಲ್ಲ' ಎಂಬ ಉತ್ತರ ಬರುತ್ತದೆ. ನ್ಯಾಯವಾದ ಆಕ್ಷೇಪಣೆ. ಇದನ್ನು ಪರೀಕ್ಷಿಸಲು ಇರಾನ್ ದೇಶವಿದೆ. ಅಲ್ಲಿ 1988ರಿಂದ ಸರ್ಕಾರದ ಉಸ್ತುವಾರಿಯಲ್ಲಿ ಹಣ ಕೊಟ್ಟು ಮೂತ್ರಪಿಂಡ ಪಡೆಯುವ ವ್ಯವಸ್ಥೆ ಬೆಳೆಯಿತು. ದಲ್ಲಾಳಿಗಳಿಗೆ ಅವಕಾಶವಿಲ್ಲ, ರೋಗಿಗಳ ಸಂಘವೇ ದಾನಿಯನ್ನು ಹೊಂದಿಸುತ್ತದೆ, ಸರ್ಕಾರ ಒಂದು ಮೊತ್ತ ಕೊಡುತ್ತದೆ, ಉಳಿದದ್ದು ರೋಗಿಯ ಕಡೆಯಿಂದ. 1999ರ ಹೊತ್ತಿಗೆ ಕಾಯುವವರ ಪಟ್ಟಿ ಮುಗಿಯಿತೆಂದು ಅಲ್ಲಿಯ ವೈದ್ಯರು ವರದಿ ಮಾಡಿದರು. ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಬಡವರೇ ಎಂಬುದೂ ಆ ವ್ಯವಸ್ಥೆಯ ಹೆಚ್ಚುಗಾರಿಕೆ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಆದರೆ ಅದೇ ವರದಿಯಂತೆ ಕೊಟ್ಟವರಲ್ಲಿ ನೂರಕ್ಕೆ 84 ಜನ ಬಡವರು, ಉಳಿದವರು ಮಧ್ಯಮ ವರ್ಗದವರು. ಕೆರ್ಮಾನ್‌ಶಾಹ್ ನಗರದಲ್ಲಿ ಮಾರಿದ 300 ಜನರನ್ನು ಕೇಳಿದ 2001ರ ಅಧ್ಯಯನದಲ್ಲಿ ಬಹುಪಾಲು ಜನ ಮತ್ತೆ ಅವಕಾಶ ಸಿಕ್ಕಿದರೆ ಮಾರುವುದಿಲ್ಲ ಎಂದರು. ಕಾನೂನು ದಲ್ಲಾಳಿಯನ್ನು ತೆಗೆಯಬಲ್ಲದು. ತೊಟ್ಟಿಗೆ ಬೀಳುವ ನಲ್ಲಿಯನ್ನು ಅದು ಮುಟ್ಟುವುದಿಲ್ಲ.

ಮಾರುಕಟ್ಟೆಯ ಪರವಾದ ವಾದಗಳಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಇನ್ನೊಂದು: 'ಒಬ್ಬ ಸ್ವತಂತ್ರ ವ್ಯಕ್ತಿ ತನ್ನ ಮುಂದಿರುವ ಆಯ್ಕೆಗಳಲ್ಲಿ ಇದನ್ನೇ ಉತ್ತಮವೆಂದು ಆರಿಸಿದರೆ ನಿಷೇಧಿಸಲು ನೀವು ಯಾರು? ಬಡವನ ಕೈಯಲ್ಲಿದ್ದ ಕೊನೆಯ ಆಯ್ಕೆಯನ್ನೂ ಕಿತ್ತುಕೊಂಡರೆ ಅವನಿಗೆ ಉಪಕಾರವಾಯಿತೇ?' ಈ ಮಾತಿನ ಹಿಂದೆ ಒಂದು ಊಹೆಯಿದೆ: ಹೊಸ ಆಯ್ಕೆಯೊಂದು ಸೇರಿದಾಗ ಉಳಿದವು ಇದ್ದಂತೆಯೇ ಇರುತ್ತವೆ ಎಂದು. ಚೆನ್ನೈನಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1999ರಲ್ಲಿ ಬರೆದದ್ದನ್ನು ಇಲ್ಲಿ ನೆನೆಯಬೇಕು. ಮೂತ್ರಪಿಂಡ ಮಾರಾಟ ಸಾಮಾನ್ಯವಾದ ಬಡಾವಣೆಗಳಲ್ಲಿ ಲೇವಾದೇವಿಯವರ ವಸೂಲಿ ಇನ್ನಷ್ಟು ಬಿಗಿಯಾಯಿತು. ಕಾರಣ ಸರಳ. ಸಾಲಗಾರಳ ಬಳಿ ಮಾರಬಹುದಾದ ಆಸ್ತಿಯೊಂದು ಇದೆಯೆಂದು ಸಾಲ ಕೊಟ್ಟವನಿಗೆ ಗೊತ್ತು. ಮೊದಲು ಕಿವಿಯೋಲೆ, ತಾಳಿ ಅಡ ಇಡುತ್ತಿದ್ದರು. ಈಗ ಹೊಟ್ಟೆಯೊಳಗಿನದೂ ಒತ್ತೆಯ ವಸ್ತು. ಮಾರಲು ಒಲ್ಲೆ ಎಂದು ನಿರ್ಧರಿಸಿದವಳ ಬಾಗಿಲಿಗೂ ಈ ಒತ್ತಾಯ ಬರುತ್ತದೆ. ಅಂದರೆ ಒಬ್ಬರ ಸ್ವತಂತ್ರ ಆಯ್ಕೆ ಪಕ್ಕದ ಮನೆಯವರ ಆಯ್ಕೆಗಳನ್ನು ಕುಗ್ಗಿಸಿತು. ಒಂದು ಆವೇಶವನ್ನು ತಂದಿಟ್ಟರೆ ಸುತ್ತಲಿನ ಕ್ಷೇತ್ರವೇ ಬದಲಾಗುತ್ತದೆ. ಬಿ.ಎಸ್‌ಸಿ. ತರಗತಿಯ ಈ ಪಾಠ ಬೆಕರ್ ಮಾದರಿಯಲ್ಲಿಲ್ಲ. ಅಲ್ಲಿ ಪ್ರತಿಯೊಬ್ಬ ಮಾರಾಟಗಾರನೂ ಒಂಟಿ ಕಣ.

ಇದು ಹಳೆಯ ಕಥೆಯಲ್ಲ. ಕಿರುಸಾಲ ಕಂಪನಿಗಳ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಪಳ್ಳಿಪಾಳಯಂನ ವಿದ್ಯುತ್ ಮಗ್ಗದ ಕಾರ್ಮಿಕರಿಂದ ಮೂತ್ರಪಿಂಡ ಕೊಂಡ ದಂಧೆ ಬಯಲಾಯಿತು. ಈ ಎರಡು ಸುದ್ದಿಗಳನ್ನು ಪತ್ರಿಕೆಗಳು ಬೇರೆ ಬೇರೆ ಪುಟಗಳಲ್ಲಿ ಹಾಕಿದವು. ನೀವು ಅವನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಹಾಗೆಂದು ಈಗಿರುವ ವ್ಯವಸ್ಥೆ ಪರಿಶುದ್ಧವೆಂದು ನಾನು ಹೇಳಲಾರೆ. ಆಸ್ಪತ್ರೆಗೆ ಹಣ, ಶಸ್ತ್ರವೈದ್ಯರಿಗೆ ಹಣ, ಔಷಧಿ ಕಂಪನಿಗೆ ಹಣ. ಅಂಗ ಕೊಟ್ಟವನು ಮಾತ್ರ ತ್ಯಾಗಿಯಾಗಿರಬೇಕು ಎಂಬ ವ್ಯಂಗ್ಯದಲ್ಲಿ ಸತ್ಯವಿದೆ. 'ದಾನ' ಎಂಬ ಪದವನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ದಾಖಲೆಯಂತೆ 1995ರಿಂದ 2021ರವರೆಗೆ ಅಂಗ ಪಡೆದವರಲ್ಲಿ ಐದಕ್ಕೆ ನಾಲ್ವರು ಗಂಡಸರು; ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಹೆಂಡತಿ ಅಥವಾ ತಾಯಿ. ಗಂಡನಿಗೆ ಕೊಡಲು ಒಲ್ಲೆ ಎನ್ನುವ ಸ್ವಾತಂತ್ರ್ಯ ಎಷ್ಟು ಸೊಸೆಯಂದಿರಿಗಿದೆ? ಹಣ ಕೈ ಬದಲಾಯಿಸಲಿಲ್ಲ ಎಂದ ಮಾತ್ರಕ್ಕೆ ಒತ್ತಾಯವಿರಲಿಲ್ಲ ಎಂದಾಗದು. ಹಣ ಕೊಟ್ಟರೆ ದಾನದ ಮನೋಭಾವ ಸತ್ತೇಹೋಗುತ್ತದೆ ಎಂಬ ನಮ್ಮ ಕಡೆಯವರ ವಾದವನ್ನೂ ನಾನು ಪೂರ್ತಿ ಒಪ್ಪಲಾರೆ. ರಿಚರ್ಡ್ ಟಿಟ್ಮಸ್ ರಕ್ತದಾನದ ವಿಷಯದಲ್ಲಿ 1970ರಲ್ಲಿ ಹೀಗೆಂದರು. 2008ರ ಸ್ವೀಡನ್ ಪ್ರಯೋಗವೊಂದರಲ್ಲಿ, ಅದೂ ಮಹಿಳೆಯರಲ್ಲಿ, ಇದಕ್ಕೆ ಬೆಂಬಲ ಸಿಕ್ಕಿತು. ಸಣ್ಣ ಉಡುಗೊರೆಗಳಿಂದ ರಕ್ತದಾನ ಹೆಚ್ಚಿದ್ದನ್ನು ಬೇರೆ ಪ್ರಯೋಗಗಳು ತೋರಿಸಿವೆ. ಇತ್ಯರ್ಥವಾಗದ ಪ್ರಶ್ನೆಯ ಮೇಲೆ ಭಾರ ಹಾಕದಿರುವುದು ಲೇಸು.

ಕೊರತೆ ಮಾತ್ರ ನಿಜ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಕೊಂಡ ರೋಗಿಯ ಮುಂದೆ ನೀತಿಯ ಮಾತಾಡುವುದು ಸುಲಭವಲ್ಲ. ಆದರೆ ಬೆಲೆಯೊಂದೇ ಕೊರತೆಯನ್ನು ನೀಗಬಲ್ಲದು ಎಂಬ ಬೆಕರ್ ಪ್ರಮೇಯವನ್ನು ಸ್ಪೇನ್ ದೇಶ ಸುಳ್ಳು ಮಾಡಿದೆ. 1989ರಲ್ಲಿ ಅಲ್ಲಿ ಹತ್ತು ಲಕ್ಷ ಜನಕ್ಕೆ 14 ಮೃತ ದಾನಿಗಳಿದ್ದರು. 2016ರಿಂದ ಈಚೆಗೆ ಸಾಮಾನ್ಯವಾಗಿ 40ರ ಆಸುಪಾಸು ಅಥವಾ ಅದಕ್ಕೂ ಮೇಲೆ. 'ಬೇಡ ಎನ್ನದವರೆಲ್ಲ ದಾನಿಗಳು' ಎಂಬ ಅಲ್ಲಿಯ ಕಾನೂನು 1979ರದು. ಹತ್ತು ವರ್ಷ ಅದರಿಂದ ಹೆಚ್ಚೇನೂ ಆಗಲಿಲ್ಲ. ಬದಲಾವಣೆ ತಂದದ್ದು ಪ್ರತಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ತರಬೇತಾದ ವೈದ್ಯ ಸಂಯೋಜಕರನ್ನು ಇಟ್ಟದ್ದು ಎಂದು ಆ ವ್ಯವಸ್ಥೆ ಕಟ್ಟಿದ ರಫಾಯೆಲ್ ಮತೆಸಾನ್ಸ್ ಹೇಳುತ್ತಿದ್ದರು. ಭಾರತದಲ್ಲಿ ಮೃತ ದಾನಿಗಳ ಸಂಖ್ಯೆ ವರ್ಷಕ್ಕೆ ಒಂದು ಸಾವಿರ ದಾಟಿದ್ದೇ 2023ರಲ್ಲಿ, ಹತ್ತು ಲಕ್ಷಕ್ಕೆ ಒಬ್ಬರಿಗೂ ಕಡಿಮೆ. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಈ ಕೆಲಸ ಮಾಡುತ್ತಿದೆ. ಮಿದುಳು ಸತ್ತಿದೆ ಎಂದು ಘೋಷಿಸುವ, ಮನೆಯವರ ಜೊತೆ ಸಮಾಧಾನದಿಂದ ಮಾತಾಡುವ ವ್ಯವಸ್ಥೆ ಜಿಲ್ಲಾ ಕೇಂದ್ರಗಳಿಗೂ ಬರಬೇಕು.

ಇನ್ನು ನಮ್ಮ ಕಾನೂನು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ನಿಷೇಧಿಸಿತು. ಆದರೆ ಸಂಬಂಧಿಯಲ್ಲದವರು 'ಪ್ರೀತಿ ಅಥವಾ ಬಾಂಧವ್ಯ'ದಿಂದ ಕೊಡಬಹುದೆಂದು, ಅದನ್ನು ಅಧಿಕಾರಯುತ ಸಮಿತಿಯೊಂದು ಪರಿಶೀಲಿಸಬೇಕೆಂದು ಹೇಳಿತು. ವ್ಯಾಪಾರ ಒಳಗೆ ನುಸುಳಿದ್ದು ಆ 'ಪ್ರೀತಿ' ಎಂಬ ಪದದ ಮೂಲಕವೇ. 2011ರ ತಿದ್ದುಪಡಿ ಶಿಕ್ಷೆಯನ್ನು ಐದರಿಂದ ಹತ್ತು ವರ್ಷ ಸೆರೆವಾಸಕ್ಕೂ, ದಂಡವನ್ನು 20 ಲಕ್ಷದಿಂದ ಒಂದು ಕೋಟಿ ರೂಪಾಯಿಗೂ ಏರಿಸಿತು. ಹೊಂದಾಣಿಕೆಯಾಗದ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. 2014ರ ನಿಯಮಗಳಂತೆ ಸಮಿತಿ ಇಬ್ಬರ ಉದ್ಯೋಗ ಮತ್ತು ಹಿಂದಿನ ಮೂರು ಹಣಕಾಸು ವರ್ಷಗಳ ಆದಾಯದ ಪುರಾವೆ ಕೇಳಿ, ನಡುವೆ ದೊಡ್ಡ ಅಂತರವಿದೆಯೇ ಎಂದು ನೋಡಬೇಕು. ಒಳ್ಳೆಯ ನಿಯಮ. ಇದರ ಜೊತೆಗೆ ದಾನಿಯ ಸಾಲದ ವಿವರ, ಯಾರಿಗೆ, ಎಷ್ಟು ಬಡ್ಡಿಗೆ ಎಂಬುದನ್ನು ಕೂಡ ಕಡ್ಡಾಯವಾಗಿ ಕೇಳಬೇಕು. ಚೆನ್ನೈನ ನೂರಕ್ಕೆ 96 ಜನರ ಕಾರಣ ಆ ಒಂದು ಪ್ರಶ್ನೆಯಲ್ಲಿತ್ತು. ನಿಜವಾದ ದಾನಿಗೆ ಕಳೆದುಹೋದ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಸರ್ಕಾರವೇ ಭರಿಸಿ, ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಕ್ರಿಯಾಟಿನಿನ್ ಪರೀಕ್ಷೆಯನ್ನು ಆಜೀವಪರ್ಯಂತ ಉಚಿತವಾಗಿ ಮಾಡಿ, ಆ ಫಲಿತಾಂಶಗಳನ್ನು ಒಂದು ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕು. ಅದಕ್ಕೆ ತಗಲುವ ವೆಚ್ಚ ಎಷ್ಟೆಂಬುದನ್ನು ಬೆಕರ್ ಮಾಡಿದ ರೀತಿಯಲ್ಲೇ ಕುಳಿತು ಕೂಡಿಸಿ ನೋಡಬಹುದು.